ಮಳೆಗಾಲದಲ್ಲಿ ಕರೆಂಟ್ ಹೋದರೂ ಆಕ್ಸಿಜನ್ ನಿಲ್ಲದಿರಲು ಏನು ಮಾಡಬೇಕು?

ಪ್ರಶ್ನೆ: ನಾನು ಹೊಸನಗರ ತಾಲೂಕಿನ 30 ಹಾಸಿಗೆಯ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಇನ್‌ಚಾರ್ಜ್. ಮಳೆಗಾಲದಲ್ಲಿ ಕರೆಂಟ್ ಹೋದರೆ ಕೆಲವು ಸಲ ಒಂದೂವರೆ ದಿನ ಬರುವುದಿಲ್ಲ. ನಮ್ಮಲ್ಲಿ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ನಿಮಿಷಕ್ಕೆ 5 ಲೀಟರ್ ಕೊಡುವ ನಾಲ್ಕು ಕಾನ್ಸಂಟ್ರೇಟರ್, ಕೆಲವು ಸಿಲಿಂಡರ್, ಒಂದು ಹಳೆಯ ಜನರೇಟರ್ ಇವೆ. ಬೆಂಗಳೂರಿನಲ್ಲಿರುವ ನಮ್ಮೂರಿನವರೊಬ್ಬರು ದಾನ ಕೊಡಲು ಮುಂದೆ ಬಂದಿದ್ದಾರೆ. ಇನ್ನೂ ನಾಲ್ಕು ಕಾನ್ಸಂಟ್ರೇಟರ್ ಕೊಡಿಸಲಾ, ಸೋಲಾರ್ ಹಾಕಿಸಲಾ, ಆಕ್ಸಿಜನ್ ಪ್ಲಾಂಟನ್ನೇ ಕೂರಿಸಲಾ ಎಂದು ಕೇಳುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ: ಸಿಸ್ಟರ್, ಈ ಮೂರೂ ಸದ್ಯಕ್ಕೆ ಬೇಡ ಎಂದೇ ಹೇಳಿ. ಮೊದಲು ಸಿಲಿಂಡರ್, ಅವುಗಳಿಂದ ವಾರ್ಡಿಗೆ ಪೈಪ್, ಆಮೇಲೆ ಬ್ಯಾಟರಿ. ಆಸ್ಪತ್ರೆಗಳ ಆಕ್ಸಿಜನ್ ಲೈನಿನ ಕೆಲಸವನ್ನೇ ಮಾಡಿಕೊಂಡು ಬಂದವನು ನಾನು. ನಿಮ್ಮಂಥ ಆಸ್ಪತ್ರೆಗಳಲ್ಲಿ ಮಷಿನ್ ಕಡಿಮೆಯಾಗಿ ತೊಂದರೆಯಾಗಿದ್ದು ಅಪರೂಪ. ಮಷಿನ್ ಇದ್ದೂ ಅದನ್ನು ಓಡಿಸಲು ಕರೆಂಟ್ ಇಲ್ಲದೆ ತೊಂದರೆಯಾಗಿದ್ದೇ ಜಾಸ್ತಿ. ನಾಲ್ಕು ಕಾನ್ಸಂಟ್ರೇಟರ್ ನಿಂತುಹೋಗುವ ಕಡೆ ಎಂಟು ಇಟ್ಟರೆ ಎಂಟೂ ನಿಲ್ಲುತ್ತವೆ, ಅಲ್ವಾ?

ನಿಮ್ಮ ಕಡೆ ಕರೆಂಟ್ ಯಾಕೆ ಹೋಗುತ್ತದೆ ಎನ್ನುವುದರಿಂದಲೇ ಶುರು ಮಾಡೋಣ. ಲಿಂಗನಮಕ್ಕಿ ಇರುವುದು ನಮ್ಮ ಜಿಲ್ಲೆಯಲ್ಲೇ, ವಾರಾಹಿಯ ಮಾಣಿ ಡ್ಯಾಮ್ ನಿಮ್ಮ ತಾಲೂಕಿನಲ್ಲೇ. ಕರೆಂಟ್ ಹುಟ್ಟುವ ಊರಲ್ಲೇ ಕತ್ತಲೆ ಎಂದು ಜನ ಬೇಜಾರು ಮಾಡಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ನಿಮಗೆ ಕಡಿಮೆ ಬಿದ್ದಿರುವುದು ಉತ್ಪಾದನೆಯಲ್ಲ. ಕಾಡಿನ ನಡುವೆ ಮೈಲುಗಟ್ಟಲೆ ಎಳೆದ 11 ಕೆ.ವಿ. ಲೈನ್ ಮೇಲೆ ಗಾಳಿಗೆ ಮರ ಬೀಳುತ್ತದೆ, ಕಂಬ ಮುರಿಯುತ್ತದೆ. ಲೈನ್‌ಮನ್ ಆ ಮಳೆಯಲ್ಲಿ ಮರ ಕಡಿದು ತಂತಿ ಎಳೆಯುವ ತನಕ ಕಾಯಲೇಬೇಕು. ಅದೇ ಗಾಳಿ ಮಳೆಗೆ ರಸ್ತೆಗೂ ಮರ ಬಿದ್ದಿರುತ್ತದೆ, ಇಲ್ಲವೇ ಘಾಟಿಯಲ್ಲಿ ಗುಡ್ಡ ಜರಿದಿರುತ್ತದೆ. ಅಂದರೆ ಕರೆಂಟ್ ಹೋದ ದಿನವೇ ಸಿಲಿಂಡರ್ ಗಾಡಿಯೂ ಬರುವುದಿಲ್ಲ. ಟವರಿನ ಬ್ಯಾಟರಿ ಮುಗಿದರೆ ಫೋನೂ ಇಲ್ಲ. ಈ ಮೂರೂ ಒಟ್ಟಿಗೇ ಕೈಕೊಡುತ್ತವೆ ಎಂದುಕೊಂಡೇ ಲೆಕ್ಕ ಹಾಕಬೇಕು. ಬಯಲುಸೀಮೆಯ ಆಸ್ಪತ್ರೆಗೆ ಬರೆದ ಯೋಜನೆ ನಿಮಗೆ ಹೊಂದದೇ ಇರುವುದು ಇಲ್ಲೇ. ಅಲ್ಲಿ ಕರೆಂಟ್ ಹೋದರೆ ಫೋನ್ ಮಾಡಿ ಸಿಲಿಂಡರ್ ತರಿಸಬಹುದು.

ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಕರೆಂಟೂ ಇಲ್ಲ, ರಸ್ತೆಯೂ ಇಲ್ಲ ಎಂದಾದರೆ ನಮ್ಮ ಕಾಂಪೌಂಡಿನ ಒಳಗೆ ಎಷ್ಟು ಗಂಟೆಯ ಆಕ್ಸಿಜನ್ ಇದೆ? ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಸೌದೆ ಕೂಡಿಡುತ್ತಾರಲ್ಲ, ಹಾಗೆ ಲೆಕ್ಕ ಹಾಕಿ ಒಳಗೆ ಇಟ್ಟುಕೊಳ್ಳುವ ವಸ್ತು ಇದು.

ಲೆಕ್ಕ ಕಷ್ಟವೇನಿಲ್ಲ. ನೀವು ಜಂಬೋ ಅನ್ನುವ ಡಿ ಟೈಪ್ ಸಿಲಿಂಡರ್ ತುಂಬಿದ್ದರೆ ಅದರಲ್ಲಿ ಸುಮಾರು 7,000 ಲೀಟರ್ ಆಕ್ಸಿಜನ್ ಇರುತ್ತದೆ. ಸಣ್ಣ ಬಿ ಟೈಪಿನಲ್ಲಿ ಸುಮಾರು 1,500 ಲೀಟರ್. ನಿಮಿಷಕ್ಕೆ 5 ಲೀಟರ್ ಕೊಟ್ಟರೆ ಜಂಬೋ 23 ಗಂಟೆ ಬರುತ್ತದೆ, ಬಿ ಟೈಪ್ 5 ಗಂಟೆ. ಅರ್ಧ ಬಳಸಿದ ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಬೇಕಾದರೆ ಗೇಜ್ ನೋಡಿ. ಬಿ ಟೈಪಿನ ಗೇಜ್ 100 ಬಾರ್ ತೋರಿಸಿದರೆ ಅದನ್ನು 10ರಿಂದ ಗುಣಿಸಿ, 1,000 ಲೀಟರ್. ಜಂಬೋ ಆದರೆ 47ರಿಂದ ಗುಣಿಸಿ. ಈ ಎರಡು ಅಂಕಿಗಳನ್ನು ದೊಡ್ಡದಾಗಿ ಬರೆದು ಸಿಲಿಂಡರ್ ಇಡುವ ಗೋಡೆಗೆ ಅಂಟಿಸಿ. ನೈಟ್ ಡ್ಯೂಟಿಯಲ್ಲಿ ಹೊಸ ಹುಡುಗಿ ಒಬ್ಬಳೇ ಇದ್ದರೂ ಲೆಕ್ಕ ತಪ್ಪಬಾರದು.

ಜುಲೈನ ಒಂದು ರಾತ್ರಿ ಅಂದುಕೊಳ್ಳಿ. ಪುನರ್ವಸು ಮಳೆ ಹಿಡಿದಿದೆ. ನಿಮ್ಮಲ್ಲಿ ನಾಲ್ವರು ಆಕ್ಸಿಜನ್ ಮೇಲಿದ್ದಾರೆ: ನ್ಯುಮೋನಿಯಾದ ಮಗು, ಉಬ್ಬಸದ ಅಜ್ಜ, ಇನ್ನಿಬ್ಬರು. ಸರಾಸರಿ ಒಬ್ಬರಿಗೆ 3 ಲೀಟರ್ ಎಂದರೂ ನಿಮಿಷಕ್ಕೆ 12 ಲೀಟರ್, ಗಂಟೆಗೆ 720. ಮೂರು ದಿನ ಕರೆಂಟೂ ಗಾಡಿಯೂ ಬರಲಿಲ್ಲ ಎಂದರೆ 51,840 ಲೀಟರ್, ಅಂದರೆ ಸುಮಾರು ಏಳೂವರೆ ಜಂಬೋ. ಎಂಟು ಅನ್ನಿ. ನಡುವೆ ಒಬ್ಬರು ಸೀರಿಯಸ್ ಆಗಿ 15 ಲೀಟರಿನ ಮಾಸ್ಕ್ ಹಾಕಬೇಕಾಗಿ ಬಂದರೆ ಅವರೊಬ್ಬರೇ ಎಂಟು ಗಂಟೆಯೊಳಗೆ ಒಂದು ಜಂಬೋ ಖಾಲಿ ಮಾಡುತ್ತಾರೆ. ಅದಕ್ಕೆ ಇನ್ನೆರಡು. ಒಟ್ಟು ಹತ್ತು ತುಂಬಿದ ಜಂಬೋ ಜೂನ್ ಮೊದಲ ವಾರದಿಂದ ಸೆಪ್ಟೆಂಬರ್ ಮುಗಿಯುವ ತನಕ ನಿಮ್ಮ ಹತ್ತಿರ ಇರಲೇಬೇಕು. ಖಾಲಿಯಾದದ್ದನ್ನು ಕೂಡಲೇ ತುಂಬಿಸಲು ಕಳಿಸಿ. ಎಲ್ಲ ಖಾಲಿಯಾಗಲಿ, ಒಂದೇ ಬಾಡಿಗೆಯಲ್ಲಿ ಹೋಗಲಿ ಎಂದು ಕಾಯಬೇಡಿ. ಅಲ್ಲಿ ಉಳಿಯುವ ಬಾಡಿಗೆ ಹಣ ಏನೇನೂ ಅಲ್ಲ. ನಿಮ್ಮ ರೋಗಿಗಳ ಸಂಖ್ಯೆ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಕಳೆದ ಎರಡು ಮಳೆಗಾಲದ ರಿಜಿಸ್ಟರ್ ತೆಗೆದು, ಅತಿ ಹೆಚ್ಚು ಜನ ಆಕ್ಸಿಜನ್ ಮೇಲಿದ್ದ ದಿನವನ್ನು ಹುಡುಕಿ, ಅದೇ ಅಂಕಿಯನ್ನು ಇಲ್ಲಿ ಹಾಕಿ.

2021ರ ಮೇ 2ರ ರಾತ್ರಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಗದೆ ರೋಗಿಗಳು ಸತ್ತದ್ದನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿ ಕರೆಂಟ್ ಹೋಗಿರಲಿಲ್ಲ. ಬರಬೇಕಾದ ಆಕ್ಸಿಜನ್ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಹೊರಗಿನಿಂದ ಬರುವುದನ್ನೇ ನಂಬಿ ಕೂತರೆ ಏನಾಗುತ್ತದೆ ಎಂದು ನಮ್ಮ ರಾಜ್ಯಕ್ಕೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಿಲಿಂಡರ್ ಇದ್ದರೆ ಸಾಲದು, ಅದು ರೋಗಿಯ ಮೂಗಿಗೆ ಎಷ್ಟು ಬೇಗ ಸಿಗುತ್ತದೆ ಎನ್ನುವುದೇ ದೊಡ್ಡ ವಿಷಯ. ಕರೆಂಟ್ ಹೋದ ಕೂಡಲೇ ಕಾನ್ಸಂಟ್ರೇಟರ್ ಬೀಪ್ ಹೊಡೆದು ನಿಲ್ಲುತ್ತದೆ. ಜನರೇಟರ್ ಶುರುವಾಗಲು ಯಾರೋ ಟಾರ್ಚ್ ಹಿಡಿದು ಹಿತ್ತಿಲಿಗೆ ಹೋಗಬೇಕು. ಶುರುವಾದ ಮೇಲೂ ಕಾನ್ಸಂಟ್ರೇಟರ್ ಸರಿಯಾದ ಸಾಂದ್ರತೆಗೆ ಬರಲು ಕೆಲವು ನಿಮಿಷ ಬೇಕು. ಉಸಿರು ಎಳೆಯುತ್ತಿರುವ ಮಗು ಅಷ್ಟು ಹೊತ್ತು ತಡೆಯುವುದಿಲ್ಲ. ಅದಕ್ಕೇ ಆಕ್ಸಿಜನ್ ಮೇಲಿರುವ ಪ್ರತಿ ರೋಗಿಯ ಮಂಚದ ಪಕ್ಕ ಟ್ರಾಲಿಯಲ್ಲಿ ಒಂದು ಬಿ ಟೈಪ್ ಸಿಲಿಂಡರ್ ನಿಂತಿರಬೇಕು. ಅದಕ್ಕೆ ರೆಗ್ಯುಲೇಟರ್, ಫ್ಲೋಮೀಟರ್, ಹ್ಯುಮಿಡಿಫೈಯರ್ ಬಾಟಲಿ ಮೊದಲೇ ಹಾಕಿಟ್ಟಿರಬೇಕು. ವಾಲ್ವ್ ತಿರುಗಿಸುವ ಚಾವಿಯನ್ನು ಸಣ್ಣ ಸರಪಳಿಯಿಂದ ಸಿಲಿಂಡರಿಗೇ ಕಟ್ಟಿ. ರಾತ್ರಿ ಎರಡು ಗಂಟೆಗೆ ಕತ್ತಲಲ್ಲಿ ಆ ಚಾವಿ ಹುಡುಕುತ್ತಾ ಡ್ರಾಯರ್ ಎಳೆಯುವ ಕೈಗಳನ್ನು ನಾನು ಬಹಳ ಕಡೆ ನೋಡಿದ್ದೇನೆ. ಕರೆಂಟ್ ಹೋದರೆ ಸಿಸ್ಟರ್ ಮಾಡಬೇಕಾದ್ದು ಇಷ್ಟೇ ಇರಬೇಕು: ವಾಲ್ವ್ ತೆರೆಯುವುದು, ಫ್ಲೋ ಇಡುವುದು, ಟ್ಯೂಬನ್ನು ಮಷಿನ್‌ನಿಂದ ಕಿತ್ತು ಇಲ್ಲಿಗೆ ಸಿಕ್ಕಿಸುವುದು. ಒಂದು ನಿಮಿಷದ ಒಳಗೆ ಮುಗಿಯಬೇಕು. ತಿಂಗಳಿಗೊಮ್ಮೆ ಹೇಳದೆ ಕೇಳದೆ ಖಾಲಿ ಮಂಚದ ಪಕ್ಕ ಇದನ್ನು ಮಾಡಿಸಿ ನೋಡಿ.

ಸಿಲಿಂಡರ್ ಬದಲಿಸುವಾಗ ರೆಗ್ಯುಲೇಟರ್ ಹಾಕುವ ಮೊದಲು ವಾಲ್ವನ್ನು ಒಂದು ಕ್ಷಣ ತುಸುವೇ ತೆರೆದು ಮುಚ್ಚಿ, ಬಾಯಲ್ಲಿರುವ ಧೂಳು ಹಾರಿಹೋಗುತ್ತದೆ. ಆಗ ಮುಖ ಪಕ್ಕಕ್ಕಿರಲಿ. ವಾಷರ್ ಹರಿದಿದೆಯಾ ನೋಡಿ. ಮಳೆಗಾಲದಲ್ಲಿ ತುಕ್ಕು ಹಿಡಿದು ವಾಲ್ವ್ ಬಿಗಿಯಾಗುತ್ತದೆ, ಆಗ ಯಾರಾದರೂ ಎರಡು ಹನಿ ಕೊಬ್ಬರಿ ಎಣ್ಣೆ ಬಿಡೋಣ ಅಂತಾರೆ. ದಯವಿಟ್ಟು ಯಾವ ಕಾರಣಕ್ಕೂ ಬಿಡಬೇಡಿ. ಆ ಒತ್ತಡದ ಆಕ್ಸಿಜನ್‌ಗೆ ಎಣ್ಣೆ, ಗ್ರೀಸ್ ತಾಗಿದರೆ ತಾನೇ ಹೊತ್ತಿಕೊಳ್ಳುತ್ತದೆ. ಬಿಗಿಯಾದ ಸಿಲಿಂಡರನ್ನು ವಾಪಸ್ ಕಳಿಸಿ, ಬೇರೆ ತೆಗೆದುಕೊಳ್ಳಿ.

ಈಗ ದಾನದ ಹಣಕ್ಕೆ ಬರೋಣ. ಸಿಲಿಂಡರಿನ ನಂತರ ನಾನು ಹಾಕಿಸುವುದು ಸಣ್ಣದೊಂದು ಮ್ಯಾನಿಫೋಲ್ಡ್, ಅಂದರೆ ಹಲವು ಸಿಲಿಂಡರನ್ನು ಒಂದೇ ಪೈಪಿಗೆ ಸೇರಿಸುವ ಜೋಡಣೆ. ಒಂದು ಕಡೆ ಎರಡು ಜಂಬೋ, ಇನ್ನೊಂದು ಕಡೆ ಎರಡು, ಅಲ್ಲಿಂದ ತಾಮ್ರದ ಪೈಪ್‌ನಲ್ಲಿ ಐದಾರು ಮಂಚಗಳಿಗೆ. ಒಂದು ಕಡೆಯದು ಮುಗಿದಾಗ ಇನ್ನೊಂದು ಕಡೆಗೆ ಬದಲಿಸುವುದು ಒತ್ತಡದಿಂದಲೋ ಕೈಯಿಂದಲೋ ಆಗುವಂಥದ್ದನ್ನೇ ಆರಿಸಿ. ಕರೆಂಟ್ ಬೇಕಾಗುವ ಬೋರ್ಡ್ ಇರುವುದು ಬೇಡ. ಒತ್ತಡ ಇಳಿದಾಗ ಕೂಗುವ ಅಲಾರಂಗೆ ಬ್ಯಾಟರಿ ಇರಲಿ. ಮ್ಯಾನಿಫೋಲ್ಡ್ ಇದ್ದರೆ ಮಧ್ಯರಾತ್ರಿ ಜಂಬೋ ಉರುಳಿಸಿಕೊಂಡು ವಾರ್ಡಿನೊಳಗೆ ಬರುವ ಗೋಳು ತಪ್ಪುತ್ತದೆ. ಆ ಸಿಲಿಂಡರುಗಳನ್ನು ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿ, ಮಳೆ ನೀರು ಎರಚದ, ಗಾಳಿಯಾಡುವ ಜಾಗದಲ್ಲಿ. ತುಂಬಿದ್ದು ಒಂದು ಕಡೆ, ಖಾಲಿ ಒಂದು ಕಡೆ, ಬೋರ್ಡ್ ಸಮೇತ.

ಕಾನ್ಸಂಟ್ರೇಟರ್ ಬೇಡ ಅಂತ ನಾನು ಹೇಳುತ್ತಿಲ್ಲ. ಕರೆಂಟ್ ಇರುವಷ್ಟು ಹೊತ್ತು ಅದರಲ್ಲೇ ಕೊಡಿ, ಸಿಲಿಂಡರ್ ಉಳಿಯುತ್ತದೆ. ನಾಲ್ಕು ಮಷಿನ್‌ನಿಂದ ನಿಮಿಷಕ್ಕೆ 20 ಲೀಟರ್ ಸಿಗುತ್ತದೆ, ನಿಮಗೆ ಬೇಕಾಗಿರುವುದು 12. ಅಲ್ಲಿಗೆ ಸಾಕಾಯಿತು. ಇರುವುದನ್ನು ಸರಿ ಇಟ್ಟುಕೊಳ್ಳುವುದೇ ಕೆಲಸ. ಈ ಮಷಿನ್ ಒಳಗೆ ಜಿಯೋಲೈಟ್ ಎನ್ನುವ ಹರಳು ತುಂಬಿರುತ್ತದೆ. ಗಾಳಿಯಲ್ಲಿನ ನೈಟ್ರೋಜನ್ ಅದು ಹಿಡಿದುಕೊಳ್ಳುತ್ತದೆ, ಉಳಿದ ಆಕ್ಸಿಜನ್ ಸುಮಾರು 93 ಶೇಕಡಾ ಸಾಂದ್ರತೆಯಲ್ಲಿ ಹೊರಗೆ ಬರುತ್ತದೆ. ಆ ಹರಳಿಗೆ ತೇವ ಎಂದರೆ ಆಗುವುದಿಲ್ಲ. ವರ್ಷಕ್ಕೆ 7,000 ಮಿ.ಮೀ. ಮೇಲೆ ಮಳೆ ಬೀಳುವ ಆಗುಂಬೆಯಂಥ ಕಡೆ ಗೋಡೆಯೇ ಬೆವರುತ್ತದೆ, ಇನ್ನು ಮಷಿನ್ ಕೇಳಬೇಕೇ? 2021ರಲ್ಲಿ ದಾನವಾಗಿ ಬಂದ ಎಷ್ಟೋ ಕಾನ್ಸಂಟ್ರೇಟರ್ ಸ್ಟೋರ್ ರೂಮಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಕೂತಿವೆ. ಹಚ್ಚಿದರೆ ಸದ್ದು ಮಾಡುತ್ತವೆ, ಫ್ಲೋಮೀಟರಿನ ಚೆಂಡು ಸರಿಯಾಗಿ ಮೇಲೇಳುತ್ತದೆ, ಬಾಟಲಿಯಲ್ಲಿ ಗುಳ್ಳೆ ಬರುತ್ತದೆ. ಹೊರಗೆ ಬರುತ್ತಿರುವುದು ಮಾತ್ರ ಬರೀ ಗಾಳಿ. ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಇದನ್ನು ಹಿಡಿಯಲು ಕೈಯಲ್ಲಿ ಹಿಡಿಯುವಷ್ಟು ಸಣ್ಣ ಆಕ್ಸಿಜನ್ ಅನಲೈಸರ್ ಒಂದು ತರಿಸಿ. ತಿಂಗಳಿಗೊಮ್ಮೆ ಪ್ರತಿ ಮಷಿನ್ ಅಳೆಯಿರಿ. 82ಕ್ಕಿಂತ ಕೆಳಗೆ ತೋರಿಸಿದರೆ ರೋಗಿಗೆ ಹಾಕಬೇಡಿ, ಸರ್ವೀಸಿಗೆ ಕಳಿಸಿ. ಬಳಸದ ಮಷಿನ್‌ಗಳನ್ನೂ ಆಗಾಗ ಕೆಲವು ಗಂಟೆ ಓಡಿಸಿ. ಫಿಲ್ಟರ್ ತೊಳೆದರೆ ಪೂರ್ತಿ ಒಣಗಿಸಿಯೇ ಹಾಕಿ, ಅರ್ಧಂಬರ್ಧ ಒಣಗಿದ್ದು ಬೇಡ.

ಮಷಿನ್ ಹಾಳುಮಾಡುವ ಇನ್ನೊಂದು ವೈರಿ ವೋಲ್ಟೇಜ್. ಉದ್ದದ ಲೈನಿನ ತುದಿಯಲ್ಲಿರುವವರಿಗೆ ಸಂಜೆ ಹೊತ್ತು ಬಲ್ಬ್ ಮಂಕಾಗುವುದು ಹೊಸದಲ್ಲ. ಕಡಿಮೆ ವೋಲ್ಟೇಜಿಗೆ ಕಂಪ್ರೆಸರ್ ಎಳೆಯಲಾರದೆ ಬಿಸಿಯಾಗುತ್ತದೆ. ಕರೆಂಟ್ ವಾಪಸ್ ಬರುವಾಗ ಒಮ್ಮೆಲೇ ಏರುವ ವೋಲ್ಟೇಜಿಗೆ, ಸಿಡಿಲಿಗೆ ಒಳಗಿನ ಬೋರ್ಡ್ ಸುಡುತ್ತದೆ. ಪ್ರತಿ ಮಷಿನ್‌ಗೂ ಸ್ಟೆಬಿಲೈಸರ್, ಕಟ್ಟಡಕ್ಕೆ ಸರಿಯಾದ ಅರ್ಥಿಂಗ್, ಮೇನ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್. ಇವು ಹೊಸ ಕಾನ್ಸಂಟ್ರೇಟರಿಗಿಂತ ಅಗ್ಗ.

ಅರ್ಧ ಗಂಟೆ, ಒಂದು ಗಂಟೆ ಹೋಗಿ ಬರುವ ಕರೆಂಟಿಗೆ ಇನ್ವರ್ಟರ್ ಒಳ್ಳೆಯದು. 5 ಲೀಟರಿನ ಮಷಿನ್ ಸುಮಾರು 350 ವ್ಯಾಟ್ ಎಳೆಯುತ್ತದೆ. ಮನೆಗೆ ಹಾಕುವ 150 ಎ.ಎಚ್. ಬ್ಯಾಟರಿ ಒಂದಿದ್ದರೆ ಅಂಥ ಒಂದು ಮಷಿನ್ ಎರಡೂವರೆ ಗಂಟೆ ಓಡಿದರೆ ಹೆಚ್ಚು. ನಾಲ್ಕು ಬ್ಯಾಟರಿ ಹಾಕಿದರೆ ಎರಡು ಮಷಿನ್ ಐದು ಗಂಟೆ. ಇನ್ವರ್ಟರ್ ಸೈನ್ ವೇವ್ ಆಗಿರಲಿ. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಜಾಸ್ತಿ ಎಳೆಯುವುದರಿಂದ, ಮಷಿನ್‌ಗಳ ಒಟ್ಟು ವ್ಯಾಟ್‌ಗಿಂತ ಕನಿಷ್ಠ ಎರಡರಷ್ಟು ಸಾಮರ್ಥ್ಯದ್ದು ಬೇಕು. ಆ ಲೈನಿಗೆ ಫ್ರಿಜ್, ಟಿವಿ, ಗೀಸರ್ ಯಾವುದನ್ನೂ ಸೇರಿಸಲು ಬಿಡಬೇಡಿ. ಆಕ್ಸಿಜನ್ ಮಂಚಗಳ ಪಾಯಿಂಟ್‌ಗೆ ಕೆಂಪು ಬಣ್ಣದ ಪ್ಲೇಟ್ ಹಾಕಿಸಿದರೆ, ಮೊಬೈಲ್ ಚಾರ್ಜ್ ಮಾಡಲು ಬರುವವರಿಗೂ ಗೊತ್ತಾಗುತ್ತದೆ.

ಜನರೇಟರ್ ಬಗ್ಗೆ ಎರಡೇ ಮಾತು. ವಾರಕ್ಕೊಮ್ಮೆ ಲೋಡ್ ಕೊಟ್ಟು ಅರ್ಧ ಗಂಟೆ ಓಡಿಸಿ. ಸುಮ್ನೆ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಏನೂ ತಿಳಿಯುವುದಿಲ್ಲ. ಮಳೆಗಾಲದಲ್ಲಿ ಅದು ಶುರುವಾಗದಿರಲು ಹೆಚ್ಚಿನ ಸಲ ಕಾರಣ ಸತ್ತ ಬ್ಯಾಟರಿ, ಇಲ್ಲವೇ ಡೀಸೆಲ್‌ಗೆ ಸೇರಿದ ನೀರು. 5 ಕೆವಿಎ ಜನರೇಟರ್ ಗಂಟೆಗೆ ಒಂದೂವರೆ ಲೀಟರ್ ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ಹಾಗಾದರೆ ಮೂರು ದಿನ ಪೂರ್ತಿ ಓಡಿಸಲು ನೂರು ಲೀಟರಿಗೂ ಮೇಲೆ ಬೇಕು. ಅಷ್ಟು ಡೀಸೆಲ್ ಆಸ್ಪತ್ರೆಯಲ್ಲಿ ಇಡುವುದು ಸುಲಭವಲ್ಲ. ಹಾಗಾಗಿ ಇಡೀ ದಿನ ಓಡಿಸದೆ ದಿನಕ್ಕೆ ಕೆಲವು ಗಂಟೆ ಓಡಿಸಿ ಬ್ಯಾಟರಿ ತುಂಬಿಕೊಳ್ಳಿ. ಉಳಿದ ಹೊತ್ತಿಗೆ ಬ್ಯಾಟರಿ ಇದೆ, ಅದೂ ಮುಗಿದರೆ ಸಿಲಿಂಡರ್ ಇದೆ.

ಸೋಲಾರ್ ವಿಷಯದಲ್ಲಿ ದಾನಿಗಳಿಗೆ ಬೇಜಾರಾಗಬಹುದು, ಆದರೂ ನೇರವಾಗಿ ಹೇಳುತ್ತೇನೆ. ಸೋಲಾರ್‌ನಿಂದ ಕಾನ್ಸಂಟ್ರೇಟರ್ ಓಡಿಸುವುದು ಒಳ್ಳೆಯ ದಾರಿ. ಉಗಾಂಡಾದ 20 ಆಸ್ಪತ್ರೆಗಳಲ್ಲಿ ಹೀಗೆ ಮಾಡಿ, ರಕ್ತದಲ್ಲಿ ಆಕ್ಸಿಜನ್ ಕಡಿಮೆಯಾಗಿ ಬಂದ ಮಕ್ಕಳ ಸಾವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದದ್ದು 2024ರಲ್ಲಿ ಪ್ರಕಟವಾಗಿದೆ. ಆದರೆ ಉಗಾಂಡಾದ ಬಿಸಿಲು ಬೇರೆ, ನಿಮ್ಮ ಆಷಾಢ ಬೇರೆ. ಒಂದು ಕಾನ್ಸಂಟ್ರೇಟರ್ ಇಡೀ ದಿನ ಓಡಲು 8 ಯೂನಿಟ್ ಮೇಲೆ ಬೇಕು. ಬೇಸಿಗೆಯಲ್ಲಿ ದಿನಕ್ಕೆ 4 ಯೂನಿಟ್ ಕೊಡುವ ಒಂದು ಕಿಲೋವ್ಯಾಟ್ ಪ್ಯಾನೆಲ್, ಜುಲೈನಲ್ಲಿ ಅದರ ಅರ್ಧವನ್ನೂ ಕೊಡದ ದಿನಗಳು ಬಹಳ. ನಿಮಗೆ ಕರೆಂಟ್ ಹೋಗುವುದೂ ಆ ದಿನಗಳಲ್ಲೇ. ವರ್ಷವಿಡೀ ಬಿಲ್ ಉಳಿಸಲು ಸೋಲಾರ್ ಹಾಕಿಸಿ, ಬೇಡ ಅನ್ನುವುದಿಲ್ಲ. ಮಳೆಗಾಲದ ಉಸಿರನ್ನು ಮಾತ್ರ ಅದಕ್ಕೆ ಒಪ್ಪಿಸಬೇಡಿ.

ಅದರ ಬದಲು ಆಸ್ಪತ್ರೆಯ ಹಿಂದಿನ ಗುಡ್ಡದಲ್ಲಿ ಹಳ್ಳ ಇದೆಯಾ ನೋಡಿ. ಮಲೆನಾಡಿನ ಎಷ್ಟೋ ಒಂಟಿಮನೆಗಳಲ್ಲಿ ಹಳ್ಳದ ನೀರಿಗೆ ಪೈಪ್ ಹಾಕಿ ಸಣ್ಣ ಟರ್ಬೈನ್ ತಿರುಗಿಸಿ ಕರೆಂಟ್ ಮಾಡಿಕೊಳ್ಳುತ್ತಾರೆ. ಸುಮಾರು 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ನೀರು ಬಿದ್ದರೆ ಒಂದು ಕಿಲೋವ್ಯಾಟ್ ಆಸುಪಾಸು ಸಿಗುತ್ತದೆ, ಅದೂ ಹಗಲು ರಾತ್ರಿ. ದಿನಕ್ಕೆ 24 ಯೂನಿಟ್, ಅಂದರೆ ಎರಡು ಕಾನ್ಸಂಟ್ರೇಟರಿಗೆ ಸಾಕು. ಮಳೆ ಜೋರಾದಷ್ಟೂ ಹಳ್ಳ ತುಂಬಿರುತ್ತದೆ, ನಿಮಗೆ ಬೇಕಾಗಿರುವುದೂ ಆಗಲೇ. ನನಗೆ ಈ ಉಪಾಯದ ಮೇಲೆ ತುಂಬಾ ಆಸೆ ಇದೆ. ಆದರೆ ಟರ್ಬೈನ್‌ನಿಂದ ನೇರವಾಗಿ ಮಷಿನ್‌ಗೆ ಕೊಡಬೇಡಿ, ವೋಲ್ಟೇಜ್ ಹತ್ತಿ ಇಳಿಯುತ್ತದೆ. ಕಂಟ್ರೋಲರ್ ಮೂಲಕ ಬ್ಯಾಟರಿಗೆ, ಬ್ಯಾಟರಿಯಿಂದ ಇನ್ವರ್ಟರಿಗೆ. ನೀರು ಹಿಡಿಯುವ ಬಾಯಿಗೆ ತರಗೆಲೆ ಕಟ್ಟಿಕೊಳ್ಳುತ್ತದೆ, ದಿನವೂ ಹೋಗಿ ಬಿಡಿಸುವ ಮನುಷ್ಯ ಬೇಕು. ಅಂಥ ಮನುಷ್ಯ ಇದ್ದರೆ ಮಾತ್ರ ಇದಕ್ಕೆ ಕೈಹಾಕಿ.

ಪ್ಲಾಂಟ್ ನಿಮಗೆ ಖಂಡಿತ ಬೇಡ. 2021ರಲ್ಲಿ ಪಿಎಂ ಕೇರ್ಸ್ ಹಣದಲ್ಲಿ ದೇಶದಲ್ಲಿ ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸುವ 1,200ಕ್ಕೂ ಹೆಚ್ಚು ಪಿಎಸ್‌ಎ ಪ್ಲಾಂಟ್ ಕೂರಿಸಿದರು, ಅವು ದೊಡ್ಡ ಆಸ್ಪತ್ರೆಗಳ ಅಳತೆಗೆ ಮಾಡಿದವು. ಅದಕ್ಕೆ ತ್ರೀ ಫೇಸ್ ಕರೆಂಟ್, ದೊಡ್ಡ ಕಂಪ್ರೆಸರ್, ಗಾಳಿಯ ತೇವ ತೆಗೆಯುವ ಡ್ರೈಯರ್, ನೋಡಿಕೊಳ್ಳಲು ಕಲಿತ ಆಪರೇಟರ್ ಎಲ್ಲ ಬೇಕು. ಕರೆಂಟ್ ಹೋದರೆ ಅದೂ ನಿಲ್ಲುತ್ತದೆ. ದ್ರವ ಆಕ್ಸಿಜನ್ ಟ್ಯಾಂಕ್ ಕರೆಂಟ್ ಇಲ್ಲದೆಯೂ ಕೆಲಸ ಮಾಡುತ್ತದೆ ನಿಜ. ಆದರೆ ಅದು ಶಿವಮೊಗ್ಗದ ಮೆಗ್ಗಾನ್‌ನಂಥ ನೂರಾರು ಹಾಸಿಗೆಯ ಆಸ್ಪತ್ರೆಗೆ. ನೀವು ಬಳಸುವಷ್ಟರಲ್ಲಿ ಅದರ ಒಂದು ಪಾಲು ತಾನಾಗಿಯೇ ಆವಿಯಾಗಿ ಹೋಗುತ್ತದೆ.

ಇರುವ ಆಕ್ಸಿಜನ್ ಪೋಲಾಗದಂತೆ ನೋಡಿಕೊಂಡರೆ ಅದೂ ಒಂದು ಸಿಲಿಂಡರ್ ಇದ್ದಂತೆಯೇ. ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಿ. ಊಟಕ್ಕೆ ಮಾಸ್ಕ್ ತೆಗೆದಾಗ ಅದರಲ್ಲಿ ಆಕ್ಸಿಜನ್ ಸುಮ್ನೆ ಹರಿಯಲು ಬಿಡಬೇಡಿ, ಊಟದ ಹೊತ್ತಿಗೆ ಪ್ರಾಂಗ್ಸ್ (ಮೂಗಿಗೆ ಹಾಕುವ ಟ್ಯೂಬ್) ಹಾಕಿ ಕೊಡಿ. ಆಕ್ಸಿಮೀಟರ್ 99 ತೋರಿಸುತ್ತಿದ್ದರೆ ಡಾಕ್ಟರನ್ನು ಕೇಳಿ ಫ್ಲೋ ಇಳಿಸಿ. ಹೆಚ್ಚಿನ ದೊಡ್ಡವರಿಗೆ 92ರಿಂದ 96 ಇದ್ದರೆ ಸಾಕು. ಹಳೆಯ ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ) ಇರುವ ಅಜ್ಜನಿಗೆ 88ರಿಂದ 92. ಅಂಥವರಿಗೆ ಜಾಸ್ತಿ ಕೊಟ್ಟರೆ ಕೆಡುಕೇ ಆಗಬಹುದು.

ಕತ್ತಲಾದ ಕೂಡಲೇ ರೋಗಿಯ ಕಡೆಯವರು ಮೊಂಬತ್ತಿ ಹಚ್ಚುತ್ತಾರೆ, ಸೊಳ್ಳೆ ಬತ್ತಿ ಹಚ್ಚುತ್ತಾರೆ. ಆಕ್ಸಿಜನ್ ಹರಿಯುತ್ತಿರುವ ಮಂಚದ ಹತ್ತಿರ ಹೊದಿಕೆ, ಬಟ್ಟೆ ಎಲ್ಲ ಆಕ್ಸಿಜನ್ ಹೀರಿಕೊಂಡಿರುತ್ತವೆ. ಒಂದು ಕಿಡಿ ಸಾಕು. ಪ್ರತಿ ವಾರ್ಡಿನಲ್ಲೂ ಚಾರ್ಜಿಂಗ್ ಲೈಟ್ ಇಟ್ಟರೆ ಯಾರೂ ಮೊಂಬತ್ತಿ ಹುಡುಕುವುದಿಲ್ಲ. ಬೈಯುವುದಕ್ಕಿಂತ ಬೆಳಕು ಕೊಡುವುದು ಸುಲಭ.

15 ಲೀಟರ್ ಕೊಟ್ಟರೂ ಆಕ್ಸಿಮೀಟರಿನ ಅಂಕಿ ಏರದ ರೋಗಿಯನ್ನು ಇಟ್ಟುಕೊಂಡು ಕಾಯಬೇಡಿ, ರಸ್ತೆ ತೆರೆದಿರುವಾಗಲೇ ಶಿವಮೊಗ್ಗಕ್ಕೆ ಕಳಿಸಿ. ನಿಮಿಷಕ್ಕೆ 10 ಲೀಟರಿನಂತೆ ಬಿ ಟೈಪ್ ಎರಡೂವರೆ ಗಂಟೆ ಬರುತ್ತದೆ. ಮರ ಬಿದ್ದು ದಾರಿಯಲ್ಲಿ ನಿಂತರೆ ಅದು ಸಾಲದು. ಆಂಬುಲೆನ್ಸಿನಲ್ಲಿರುವುದರ ಜೊತೆಗೆ ನಿಮ್ಮದೂ ಎರಡು ಹಾಕಿ ಕಳಿಸಿ. ಮಂಚದ ಪಕ್ಕದ ನಾಲ್ಕು, ದಾರಿಗೆ ಎರಡು, ಹಾಗಾಗಿ ಬಿ ಟೈಪ್ ಆರಾದರೂ ಇರಲಿ.

ಕೊನೆಯದಾಗಿ ದಾನಿಗಳಿಗೆ ಹೇಳಬೇಕಾದ್ದು. ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಬೋರ್ಡ್ ಹಾಕಿಸುವ ಬದಲು, ಅದರಲ್ಲಿ ಒಂದು ಭಾಗವನ್ನು ಬ್ಯಾಂಕಿನಲ್ಲಿಟ್ಟು ವರ್ಷ ವರ್ಷ ಬಳಸಲು ಬಿಡಲಿ. ಸಿಲಿಂಡರ್ ತುಂಬಿಸುವುದು, ಕಾನ್ಸಂಟ್ರೇಟರ್ ಸರ್ವೀಸ್, ನಾಲ್ಕೈದು ವರ್ಷಕ್ಕೊಮ್ಮೆ ಹೊಸ ಬ್ಯಾಟರಿ, ವಾಷರ್, ಪ್ರಾಂಗ್ಸ್, ಅನಲೈಸರಿನ ಸೆನ್ಸರ್ ಇವಕ್ಕೆಲ್ಲ ಯಾರೂ ದಾನ ಕೊಡುವುದಿಲ್ಲ, ಮಷಿನ್ ಮೂಲೆ ಸೇರುವುದು ಇವಿಲ್ಲದೆಯೇ. ಅವರು ಒಪ್ಪಿದರೆ ಹತ್ತು ಜಂಬೋ, ಆರು ಬಿ ಟೈಪ್, ಮ್ಯಾನಿಫೋಲ್ಡಿನ ಪೈಪ್ ಇಷ್ಟಕ್ಕೂ ಮೊದಲು ಕೊಟೇಶನ್ ತರಿಸಿ. ಪೈಪಿನ ಕೆಲಸ ಮತ್ತು ಲೀಕ್ ಟೆಸ್ಟ್ ಮೇ ಮೂರನೇ ವಾರದೊಳಗೆ ಮುಗಿಯಬೇಕು, ಆಮೇಲೆ ಕೆಲಸದವರು ಗುಡ್ಡ ಹತ್ತಿ ಬರುವುದು ಕಷ್ಟ. ಸಾಧ್ಯವಾದರೆ ನಿಮ್ಮ ವಾರ್ಡಿನ ನಕ್ಷೆ, ಕಳೆದ ಮಳೆಗಾಲದ ಆಕ್ಸಿಜನ್ ರಿಜಿಸ್ಟರಿನ ಪುಟಗಳನ್ನು ಕಳಿಸಿ. ಪೈಪ್ ಯಾವ ಮಂಚಗಳಿಗೆ ಹೋದರೆ ಅನುಕೂಲ ಎಂದು ಗುರುತು ಹಾಕಿ ಕೊಡುತ್ತೇನೆ.